ಊರಿನ ನಂಟು, ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್: ಎಸ್‌ಎಫ್-86 ತುಂಬುವ ಮೊದಲು

ಅಮೆರಿಕದ ಪೌರತ್ವ ಪಡೆದ ಕನ್ನಡಿಗ ಎಂಜಿನಿಯರೊಬ್ಬರಿಗೆ ಅಲ್ಲಿನ ರಕ್ಷಣಾ ಗುತ್ತಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಎಂದುಕೊಳ್ಳಿ. ಅಪ್ಪ-ಅಮ್ಮ ಮೈಸೂರಿನಲ್ಲಿದ್ದಾರೆ. ಅಣ್ಣ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದಾನೆ. ಹೆಂಡತಿಗೆ ಇನ್ನೂ ಗ್ರೀನ್ ಕಾರ್ಡ್ ಮಾತ್ರ. ಹಾಸನದ ಕಡೆ ಜಂಟಿ ಖಾತೆಯಲ್ಲಿ ಎರಡು ಎಕರೆ ಜಮೀನಿದೆ. ಇಷ್ಟಿದ್ದ ಮಾತ್ರಕ್ಕೆ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ, ಸಿಗುವುದಿಲ್ಲ ಎಂದೇನಿಲ್ಲ. ಆದರೆ ಈ ನಾಲ್ಕರಲ್ಲಿ ಒಂದನ್ನು ಅರೆಬರೆ ಬರೆದರೂ ಕಡತ ಅಲ್ಲೇ ನಿಲ್ಲುತ್ತದೆ. ಬೇಕೆಂದೇ ಮುಚ್ಚಿಟ್ಟಿದ್ದಾರೆ ಅನ್ನಿಸಿದರೆ ವಿಷಯ ನೆಂಟರನ್ನು ಬಿಟ್ಟು ನಿಮ್ಮ ವಿಶ್ವಾಸಾರ್ಹತೆಯ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಪೌರತ್ವ ಪಡೆದವರು ಮಾಡಬೇಕಾದ ದೊಡ್ಡ ಕೆಲಸ ಫಾರಂ ತೆರೆಯುವುದಕ್ಕೂ ಮೊದಲಿನದು. ಊರಿನ ಪ್ರತಿ ನಂಟನ್ನೂ ಹೆಸರು, ಕೆಲಸ, ಮೊತ್ತ, ತಾರೀಖುಗಳ ಸಮೇತ ಕಾಗದಕ್ಕೆ ಇಳಿಸಬೇಕು.

ಕ್ಲಿಯರೆನ್ಸ್‌ಗೆ ನಿಮ್ಮಷ್ಟಕ್ಕೆ ನೀವೇ ಅರ್ಜಿ ಹಾಕಲು ಬರುವುದಿಲ್ಲ. ಕಂಪನಿಯೋ ಸರ್ಕಾರಿ ಸಂಸ್ಥೆಯೋ ನಿಮ್ಮ ಹೆಸರು ಕಳಿಸಬೇಕು. ಗ್ರೀನ್ ಕಾರ್ಡ್ ಸಾಲದು, ಪೌರತ್ವವೇ ಬೇಕು. ಕಂಪನಿಯ ಭದ್ರತಾ ಅಧಿಕಾರಿಯನ್ನು ಎಲ್ಲರೂ ಎಫ್‌ಎಸ್‌ಒ ಎನ್ನುತ್ತಾರೆ. ಇ-ಆ್ಯಪ್ ಎಂಬ ತಾಣಕ್ಕೆ ನಿಮ್ಮನ್ನು ಸೇರಿಸುವವರು ಅವರೇ. ಅಲ್ಲಿ ತುಂಬುವ ಪ್ರಶ್ನಾವಳಿಯ ಹೆಸರು ಎಸ್‌ಎಫ್-86. ಹಳಬರು ಇ-ಕ್ವಿಪ್ ಎನ್ನುತ್ತಿದ್ದದ್ದು ಇದರ ಹಿಂದಿನ ತಾಣ. ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸಗಳಿಗೆ ತನಿಖೆ ನಡೆಸಿ ಮೊದಲ ತೀರ್ಮಾನ ಮಾಡುವುದು ಡಿಸಿಎಸ್‌ಎ ಎಂಬ ಸಂಸ್ಥೆ. ಅದಕ್ಕೆ ಅನುಮಾನ ಉಳಿದರೆ ಕಡತ ಡಿಒಎಚ್‌ಎ ಎಂಬ ವಿಚಾರಣಾ ಕಚೇರಿಗೆ ಹೋಗುತ್ತದೆ.

ಅಳೆಯುವುದು ಯಾವ ಕೋಲಿನಿಂದ

2017ರ ಜೂನ್ 8ರಿಂದ ಎಲ್ಲ ಸಂಸ್ಥೆಗಳಿಗೂ ಒಂದೇ ನಿಯಮಾವಳಿ ಇದೆ: ಸೀಡ್-4. ಅದರಲ್ಲಿ ಎ ಯಿಂದ ಎಂ ವರೆಗೆ 13 ಗೈಡ್‌ಲೈನ್‌ಗಳು. ಊರಿನ ನಂಟು ಬರುವುದು ಗೈಡ್‌ಲೈನ್ ಬಿ ಯಲ್ಲಿ, ಅಂದರೆ ವಿದೇಶಿ ಪ್ರಭಾವದ ಕೆಳಗೆ. ಬೇರೆ ದೇಶಕ್ಕೆ ನಿಮ್ಮ ಒಲವು ಇದೆಯೇ ಎಂಬುದು ಗೈಡ್‌ಲೈನ್ ಸಿ. ಸುಳ್ಳು, ಮುಚ್ಚುಮರೆ ಗೈಡ್‌ಲೈನ್ ಇ. ತೆರಿಗೆ, ಸಾಲದ ವಿಚಾರ ಎಫ್. ಬಿ ಯಲ್ಲಿ ಶುರುವಾದ ಕಡತಗಳು ಇ ಗೋ ಎಫ್ ಗೋ ಜಾರಿದಾಗಲೇ ನಿಜವಾದ ತೊಂದರೆ ಶುರು.

ಗೈಡ್‌ಲೈನ್ ಬಿ ಯಲ್ಲಿ ನೋಡುವುದು ‘ಹೆಚ್ಚಿದ ಅಪಾಯ’ ಇದೆಯೇ ಎಂಬುದನ್ನು. ವಿದೇಶದಲ್ಲಿ ನೆಂಟರಿರುವುದೇ ಅಪಾಯ ಎಂದು ಅದು ಹೇಳುವುದಿಲ್ಲ. ಆ ನೆಂಟರ ಮೂಲಕ ನಿಮ್ಮ ಮೇಲೆ ಒತ್ತಡ ತರಲು, ಆಸೆ ತೋರಿಸಲು, ಬೆದರಿಸಲು ಯಾರಿಗಾದರೂ ಅನುಕೂಲವಾಗುತ್ತದೆಯೇ ಎಂದು ಕೇಳುತ್ತದೆ. ಇದಕ್ಕೆ ಮೂರನ್ನು ಒಟ್ಟಿಗೆ ತೂಗುತ್ತಾರೆ: ನೆಂಟರು ಇರುವ ದೇಶ ಯಾವುದು, ಅಲ್ಲಿ ಅವರು ಏನು ಮಾಡುತ್ತಾರೆ, ನಿಮಗೂ ಅವರಿಗೂ ಇರುವ ಬಂಧ ಎಷ್ಟು ಗಟ್ಟಿ.

ದೇಶದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ‘ಭಾರತ ಅಮೆರಿಕದ ಮಿತ್ರದೇಶ, ನಮಗೇನು ತೊಂದರೆ’ ಎಂದು ಒಂದು ಸಾಲು ಬರೆದು ಸುಮ್ಮನಾಗುವವರಿದ್ದಾರೆ. ಪ್ರಜಾಪ್ರಭುತ್ವ, ಎರಡು ದೇಶಗಳ ರಕ್ಷಣಾ ಸಹಕಾರ ಇವೆಲ್ಲ ನಿಮ್ಮ ಪರವಾಗಿ ಕೆಲಸ ಮಾಡುವ ಅಂಶಗಳೇ, ಚೀನಾದಲ್ಲೋ ರಷ್ಯಾದಲ್ಲೋ ನೆಂಟರಿರುವವರಷ್ಟು ಭಾರ ನಿಮ್ಮ ಮೇಲಿಲ್ಲ. ಆದರೆ ಗೈಡ್‌ಲೈನ್ ಬಿ ಶತ್ರು ದೇಶಗಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಡಿಒಎಚ್‌ಎ ಮೇಲ್ಮನವಿ ಮಂಡಳಿ ಮತ್ತೆ ಮತ್ತೆ ಹೇಳಿದೆ. ಭಯೋತ್ಪಾದನೆಯ ಅಪಾಯವನ್ನೂ ಗೈಡ್‌ಲೈನ್ ಹೆಸರಿಸಿಯೇ ಹೇಳುತ್ತದೆ. ಆದ್ದರಿಂದ ದೇಶದ ಹೆಸರಿನ ಮೇಲೆ ಭಾರ ಹಾಕಿ ಕೂರಬೇಡಿ.

ಅಪಾಯ ತಗ್ಗಿಸುವ ಅಂಶಗಳನ್ನು ಅದೇ ಗೈಡ್‌ಲೈನ್‌ನ 8ನೇ ಪ್ಯಾರಾದಲ್ಲಿ ಕೊಟ್ಟಿದ್ದಾರೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ಗೊತ್ತಿಲ್ಲದೆ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗುವುದು ದೊಡ್ಡ ಎಡವಟ್ಟು. 8(ಸಿ) ‘ಸಂಪರ್ಕ ಅಪರೂಪ, ಮೇಲುಮೇಲಿನದು’ ಎನ್ನುತ್ತದೆ. ಇದು ಕಾಲೇಜಿನ ಹಳೇ ಗೆಳೆಯರಿಗೆ, ಮದುವೆ-ಮುಂಜಿಯಲ್ಲಿ ಮಾತ್ರ ಸಿಗುವ ನೆಂಟರಿಗೆ ಸರಿ. ಹೆತ್ತವರ ವಿಷಯದಲ್ಲಿ ಈ ವಾದ ನಿಲ್ಲುವುದೇ ಇಲ್ಲ. ಒಡಹುಟ್ಟಿದವರು, ಹೆತ್ತವರು, ಹೆಂಡತಿ ಅಥವಾ ಗಂಡನ ಮನೆಯ ಹತ್ತಿರದವರು, ಇವರೊಂದಿಗೆ ನಿಮಗೆ ಪ್ರೀತಿಯೋ ಕರ್ತವ್ಯವೋ ಇದ್ದೇ ಇದೆ ಎಂದು ತೀರ್ಮಾನ ಮಾಡುವವರು ಮೊದಲೇ ಊಹಿಸಿಕೊಂಡು ಹೊರಡುತ್ತಾರೆ. ‘ಅಪ್ಪನ ಜತೆ ಅಷ್ಟಾಗಿ ಮಾತಿಲ್ಲ’ ಎಂದು ಬರೆದು, ಫೋನ್ ದಾಖಲೆಯಲ್ಲಿ ವಾರಕ್ಕೆ ನಾಲ್ಕು ಕರೆ ಇದ್ದರೆ ಕಥೆ ಮುಗಿಯಿತು. ಹೆತ್ತವರಿಗೆ ಹೊಂದುವುದು 8(ಎ): ಅವರ ವಯಸ್ಸು, ಕೆಲಸ, ಇರುವ ಜಾಗ ನೋಡಿದರೆ ನೀವು ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುವ ಸಂಭವ ಕಡಿಮೆ ಎಂಬುದು. ಅದಕ್ಕಿಂತ ಗಟ್ಟಿಯಾದದ್ದು 8(ಬಿ) ಯ ಎರಡನೇ ಭಾಗ. ಅಮೆರಿಕದಲ್ಲಿ ನಿಮ್ಮ ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂದರೆ ತಾಕಲಾಟ ಬಂದಾಗ ನೀವು ಅಮೆರಿಕದ ಪರವೇ ನಿಲ್ಲುತ್ತೀರಿ ಎಂದು ನಂಬಬಹುದು, ಎಂಬ ವಾದ ಅದು. ಪೌರತ್ವ ಪಡೆದು ಎರಡು ವರ್ಷವಾದವರಿಗೂ, ಇಪ್ಪತ್ತು ವರ್ಷವಾಗಿ ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಇರುವ ವ್ಯತ್ಯಾಸ ಕಾಣುವುದು ಇಲ್ಲಿ. ಆಸ್ತಿ-ಹಣಕ್ಕೆ 8(ಎಫ್).

ಕುಟುಂಬದ ಪಟ್ಟಿ

ಇ-ಆ್ಯಪ್ ಒಳಗೆ ಕೂತು ನೆನಪಿನಿಂದ ತುಂಬಬೇಡಿ. ಮೊದಲು ಒಂದು ಎಕ್ಸೆಲ್ ಹಾಳೆ ಮಾಡಿ. ಪ್ರತಿಯೊಬ್ಬರಿಗೂ ಒಂದು ಸಾಲು: ಪೂರ್ತಿ ಹೆಸರು, ಮದುವೆಗೆ ಮುಂಚಿನ ಹೆಸರು, ಹುಟ್ಟಿದ ದಿನ ಮತ್ತು ಊರು, ಯಾವ ದೇಶದ ಪೌರರು, ಈಗಿನ ವಿಳಾಸ, ಕೆಲಸ ಮತ್ತು ಕಂಪನಿಯ ವಿಳಾಸ, ಸರ್ಕಾರ-ಸೇನೆ-ಪೊಲೀಸ್-ಗುಪ್ತಚರ-ರಕ್ಷಣಾ ಉದ್ಯಮದ ಸಂಬಂಧ, ಮೊದಲ ಮತ್ತು ಕೊನೆಯ ಸಂಪರ್ಕ, ಯಾವ ರೀತಿ, ಎಷ್ಟು ದಿನಕ್ಕೊಮ್ಮೆ.

ನಮ್ಮವರಿಗೆ ಮೊದಲ ಪೆಟ್ಟು ಬೀಳುವುದು ಹೆಸರು ಮತ್ತು ಹುಟ್ಟಿದ ದಿನಾಂಕದಲ್ಲಿ. ಅಪ್ಪನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಎಚ್. ಎಸ್. ರಾಮಣ್ಣ’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ರಾಮಣ್ಣ ಹೊಳೆನರಸೀಪುರ ಶ್ರೀನಿವಾಸಯ್ಯ’, ಪಹಣಿಯಲ್ಲಿ ‘ರಾಮಣ್ಣ ಬಿನ್ ಶ್ರೀನಿವಾಸಯ್ಯ’ ಎಂದಿರುತ್ತದೆ. ಮೂರೂ ಒಬ್ಬರೇ ಎಂದು ತನಿಖಾಧಿಕಾರಿಗೆ ತಾನಾಗಿ ಹೊಳೆಯುವುದಿಲ್ಲ. ಪಾಸ್‌ಪೋರ್ಟಿನ ಹೆಸರನ್ನು ಮುಖ್ಯ ಹೆಸರಾಗಿ ಹಾಕಿ, ಉಳಿದವನ್ನು ಕಮೆಂಟ್ ಜಾಗದಲ್ಲಿ ಕೊಡಿ. ನಿಮ್ಮ ಸ್ವಂತ ಹೆಸರಿಗೂ ಇದೇ ನಿಯಮ. ಮನೆಯಲ್ಲೇ ಹೆರಿಗೆಯಾದ ತಲೆಮಾರಿಗೆ ಜನನ ಪ್ರಮಾಣಪತ್ರವೇ ಇರುವುದಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖೇ ಹುಟ್ಟಿದ ದಿನ. ಅದನ್ನು ಹಾಕಿ, ‘ಅಂದಾಜು’ ಎಂಬ ಗುರುತು ಒತ್ತಿ. ಊಹೆಯ ದಿನವನ್ನು ಖಚಿತವೆಂಬಂತೆ ಕೊಟ್ಟು, ಮುಂದೆ ಅವರ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಬೇರೆ ದಿನ ಬಂದರೆ ಎರಡೂ ಸರ್ಕಾರದ ಕೈಯಲ್ಲೇ ಇರುತ್ತವೆ. ಹಿಂದೆ ವಲಸೆ ಇಲಾಖೆಗೆ ಕೊಟ್ಟ ಎನ್-400 ಎಂಬ ಪೌರತ್ವ ಅರ್ಜಿಯ ಪ್ರತಿಯನ್ನು ಎದುರಿಗಿಟ್ಟುಕೊಂಡೇ ಎಸ್‌ಎಫ್-86 ತುಂಬಿ.

ಯಾರು 18ರಲ್ಲಿ, ಯಾರು 19ರಲ್ಲಿ

ಎಸ್‌ಎಫ್-86ರ 18ನೇ ಭಾಗ ನೆಂಟರದ್ದು. ತಂದೆ, ತಾಯಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ಮಲತಾಯಿ, ಮಲಸೋದರರಂಥ ಸಂಬಂಧಗಳು, ಸಾಕಿದವರು, ಅತ್ತೆ, ಮಾವ. ಇವರ ಜತೆ ಮಾತಿರಲಿ ಬಿಡಲಿ, ಬದುಕಿರಲಿ ತೀರಿಹೋಗಿರಲಿ, ಹಾಕಲೇಬೇಕು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅವರ ಮಕ್ಕಳು ಈ ಪಟ್ಟಿಯಲ್ಲಿ ಬರುವುದಿಲ್ಲ. ಹೆಂಡತಿಯ ಅಣ್ಣತಮ್ಮಂದಿರೂ ಇಲ್ಲ. ಹಾಗೆಂದು ಅವರನ್ನು ಬಿಟ್ಟುಬಿಡುವಂತಿಲ್ಲ, ಅವರ ಜಾಗ 19.

19ನೇ ಭಾಗ ಕೇಳುವುದು ಹೀಗೆ: ಕಳೆದ 7 ವರ್ಷಗಳಲ್ಲಿ ನಿಮಗಾಗಲಿ ನಿಮ್ಮ ಗಂಡ ಅಥವಾ ಹೆಂಡತಿಗಾಗಲಿ ಪ್ರೀತಿ, ಪ್ರಭಾವ, ಸಮಾನ ಆಸಕ್ತಿ ಅಥವಾ ಋಣದಿಂದ ಕಟ್ಟಿಕೊಂಡ, ನಿಕಟವಾದ ಅಥವಾ ಮುಂದುವರಿದಿರುವ ಸಂಪರ್ಕ ವಿದೇಶಿ ಪೌರರ ಜತೆ ಇದೆಯೇ? ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, ವಿದೇಶಿ ಪೌರ ಎಂದರೆ ವಿದೇಶದಲ್ಲಿ ಇರುವವರು ಎಂದುಕೊಳ್ಳುವುದು. ಡಲ್ಲಾಸ್‌ನಲ್ಲಿ ಪಕ್ಕದ ಅಪಾರ್ಟ್‌ಮೆಂಟಿನಲ್ಲಿರುವ, ಪ್ರತಿ ಶನಿವಾರ ಊಟಕ್ಕೆ ಬರುವ ಎಚ್-1ಬಿ ಗೆಳೆಯನೂ ವಿದೇಶಿ ಪೌರನೇ, ಗ್ರೀನ್ ಕಾರ್ಡ್ ಇರುವವರೂ ಹೌದು. ಎರಡನೆಯದು ವಾಟ್ಸ್ಆ್ಯಪ್ ಗುಂಪು. ಅರವತ್ತು ಜನರಿರುವ ‘ಕುಟುಂಬ’ ಗುಂಪಿನಲ್ಲಿ ಹಬ್ಬದ ಶುಭಾಶಯ ಹಾಕುವ ಎಲ್ಲರೂ 19ಕ್ಕೆ ಬೇಕಿಲ್ಲ. ಆದರೆ ಗುಂಪಿನಿಂದಾಚೆ ನಿಮಗೆ ನೇರವಾಗಿ ಫೋನ್ ಮಾಡುವ, ಊರಿಗೆ ಹೋದಾಗ ಮನೆಯಲ್ಲಿ ಉಳಿಯುವ, ಅಪ್ಪ-ಅಮ್ಮನ ಆಸ್ಪತ್ರೆ ಓಡಾಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಬೇಕೇ ಬೇಕು. ಅಲ್ಲಿರುವುದು ಋಣ. ಅನುಮಾನ ಬಂದರೆ ಬರೆಯಿರಿ. ಹೆಚ್ಚಾಗಿ ಬರೆದದ್ದಕ್ಕೆ ಕ್ಲಿಯರೆನ್ಸ್ ತಪ್ಪುವುದಿಲ್ಲ.

ಸಂಪರ್ಕದ ಲೆಕ್ಕವನ್ನು ಪ್ರಾಮಾಣಿಕವಾಗಿ ಕೊಡಿ. ಅಮ್ಮನ ಜತೆ ದಿನಾ ವಿಡಿಯೊ ಕಾಲ್ ಇದ್ದರೆ ‘ದಿನಾ’ ಎಂದೇ ಒತ್ತಿ. ‘ತಿಂಗಳಿಗೊಮ್ಮೆ’ ಎಂದರೆ ಚೆನ್ನಾಗಿ ಕಾಣುತ್ತದೆ ಎಂಬ ಲೆಕ್ಕಾಚಾರ ಮುಖಾಮುಖಿ ಸಂದರ್ಶನದಲ್ಲಿ ಕೈಕೊಡುತ್ತದೆ.

ಅಣ್ಣ ಎಚ್‌ಎಎಲ್‌ನಲ್ಲಿದ್ದರೆ

ಬೆಂಗಳೂರಿನ ಕುಟುಂಬಗಳಿಗೆ ಇದು ಬೇರೆ ಊರಿನವರಿಗಿಂತ ಹೆಚ್ಚು ಕಾಡುವ ವಿಷಯ. ಎಚ್‌ಎಎಲ್, ಬಿಇಎಲ್, ಇಸ್ರೊ, ಡಿಆರ್‌ಡಿಒ ಪ್ರಯೋಗಾಲಯಗಳು, ಎನ್‌ಎಎಲ್ ಎಲ್ಲವೂ ಒಂದೇ ಊರಲ್ಲಿ. ಮನೆಗೊಬ್ಬರಾದರೂ ಇಂಥ ಕಡೆ ದುಡಿದವರು ಸಿಗುತ್ತಾರೆ. ಎಚ್‌ಎಎಲ್ ಮತ್ತು ಬಿಇಎಲ್ ಷೇರುಪೇಟೆಯಲ್ಲಿ ಇರುವುದರಿಂದ ‘ಖಾಸಗಿ ಕಂಪನಿ’ ಎಂದು ಬರೆದವರಿದ್ದಾರೆ. ಅವು ಭಾರತ ಸರ್ಕಾರದ ಒಡೆತನದ ರಕ್ಷಣಾ ಉದ್ಯಮಗಳು. ಸರ್ಕಾರದ ಮತ್ತು ರಕ್ಷಣಾ ಉದ್ಯಮದ ಸಂಬಂಧ ಇದೆಯೇ ಎಂಬುದಕ್ಕೆ ಉತ್ತರ ಹೌದು. ಕೊಡಗಿನ ಮನೆತನಗಳಲ್ಲಿ ಸೇನೆಯಿಂದ ನಿವೃತ್ತರಾದ ಅಪ್ಪ ಅಥವಾ ಮಾವ ಇದ್ದರೆ ಅದಕ್ಕೂ ಹೌದು, ನಿವೃತ್ತಿಯ ವರ್ಷ ಮತ್ತು ಕೊನೆಯ ಹುದ್ದೆ ಸಮೇತ.

‘ಹೌದು’ ಎಂದ ಮೇಲೆ ಖಾಲಿ ಬಿಡಬೇಡಿ. ಕಮೆಂಟಿನಲ್ಲಿ ಮೂರು ಸಂಗತಿ ಬರಲಿ: ಕೆಲಸದ ನಿಜವಾದ ಸ್ವರೂಪ, ನೀವಿಬ್ಬರೂ ಕೆಲಸದ ವಿಷಯ ಮಾತಾಡುತ್ತೀರೋ ಇಲ್ಲವೋ, ನೀವು ಸೇರಲಿರುವ ಕೆಲಸದ ಬಗ್ಗೆ ಅವರಿಗೆ ಏನು ಗೊತ್ತು. ಎಚ್‌ಎಎಲ್‌ನ ಕ್ಯಾಂಟೀನ್ ವಿಭಾಗದ ಲೆಕ್ಕಿಗನಿಗೂ ಯುದ್ಧವಿಮಾನದ ವಿನ್ಯಾಸ ತಂಡದ ಎಂಜಿನಿಯರಿಗೂ ಅಜಗಜಾಂತರ. ಸಂಸ್ಥೆಯ ಹೆಸರು ಮಾತ್ರ ಇದ್ದರೆ ಓದುವವರು ಎರಡನೆಯದನ್ನೇ ಊಹಿಸಿಕೊಳ್ಳುತ್ತಾರೆ. ಸರ್ಕಾರಿ ಶಾಲೆಯ ಮೇಷ್ಟ್ರಾಗಿ ನಿವೃತ್ತರಾಗಿ ಪಿಂಚಣಿ ಪಡೆಯುತ್ತಿರುವ ಅಪ್ಪನನ್ನೂ ಸರ್ಕಾರದ ಸಂಬಂಧವಿದೆ ಎಂದೇ ತೋರಿಸಿ. ಅದು ಸಣ್ಣ ಸಂಗತಿ, ಬರೆದರೆ ಸಣ್ಣದಾಗಿಯೇ ಉಳಿಯುತ್ತದೆ.

ನೀವೇ ಅಮೆರಿಕಕ್ಕೆ ಬರುವ ಮುಂಚೆ ಇಸ್ರೊದಲ್ಲೋ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕೆಲಸ ಮಾಡಿದ್ದರೆ ಅದಕ್ಕೆ ಬೇರೆ ಜಾಗವಿದೆ: 15ನೇ ಭಾಗ ವಿದೇಶಿ ಸೇನೆಯ ಜತೆಗೆ ವಿದೇಶಿ ಸರ್ಕಾರಿ ಸಂಸ್ಥೆಯ ಸೇವೆಯನ್ನೂ ಕೇಳುತ್ತದೆ. ಇದಕ್ಕೆ 7 ವರ್ಷದ ಮಿತಿ ಇಲ್ಲ. ಕಾಲೇಜಿನ ಎನ್‌ಸಿಸಿ ಸೈನ್ಯ ಸೇವೆಯಲ್ಲ, ಆದರೆ ಒಂದು ಸಾಲಿನಲ್ಲಿ ಅದೇನೆಂದು ತಿಳಿಸುವುದು ಒಳ್ಳೆಯದು.

ಪಹಣಿ, ಖಾತೆ, ಜಂಟಿ ಹೆಸರು

20ಎ ವಿದೇಶದ ಹಣ-ಆಸ್ತಿಯ ಭಾಗ. ಇಲ್ಲಿ ಗಮನಿಸಬೇಕಾದದ್ದು ‘ಯಾವಾಗಲಾದರೂ’ ಎಂಬ ಮಾತು. 7 ವರ್ಷ ಅಲ್ಲ. ನೀವು, ಗಂಡ ಅಥವಾ ಹೆಂಡತಿ, ನಿಮ್ಮನ್ನು ಅವಲಂಬಿಸಿದ ಮಕ್ಕಳು ಯಾವಾಗಲಾದರೂ ವಿದೇಶದಲ್ಲಿ ಹೊಂದಿದ್ದ ಖಾತೆ, ಷೇರು, ಮ್ಯೂಚುವಲ್ ಫಂಡ್, ಮನೆ, ನಿವೇಶನ. ಬೇರೆಯವರು ನಿಮ್ಮ ಪರವಾಗಿ ನೋಡಿಕೊಳ್ಳುತ್ತಿರುವುದೂ ಸೇರಿತು. ಅಪ್ಪ ನಿಮ್ಮ ಹೆಸರಲ್ಲಿ ಇಟ್ಟು ವರ್ಷಾವರ್ಷ ರಿನ್ಯೂ ಮಾಡಿಸುವ ಎಫ್‌ಡಿ ಇದೇ. ಮುಂದೆ ವಿದೇಶದಲ್ಲಿ ಆಸ್ತಿ ಬರಬಹುದೆಂಬ ನಿರೀಕ್ಷೆಯನ್ನೂ ಕೇಳುತ್ತಾರೆ.

ಕರ್ನಾಟಕದ ಕುಟುಂಬಗಳಲ್ಲಿ ಜನರಿಗೇ ಗೊತ್ತಿಲ್ಲದ ಆಸ್ತಿ ಇರುತ್ತದೆ. ತಂದೆ ತೀರಿಕೊಂಡ ಮೇಲೆ ಊರಲ್ಲಿದ್ದ ತಮ್ಮ ನಾಡಕಚೇರಿಗೆ ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸಿರುತ್ತಾನೆ. ಆಗ ಪಹಣಿಯ ಮಾಲೀಕರ ಕಾಲಂನಲ್ಲಿ ತಾಯಿ ಮತ್ತು ಎಲ್ಲ ಮಕ್ಕಳ ಹೆಸರು ಜಂಟಿಯಾಗಿ ಕೂರುತ್ತದೆ. ಚಿಕಾಗೊದಲ್ಲಿರುವ ಅಣ್ಣನಿಗೆ ಇದರ ಸುದ್ದಿಯೂ ಇರುವುದಿಲ್ಲ. ಹೆಣ್ಣುಮಕ್ಕಳಿಗೂ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ. ‘ಮದುವೆಯಾಗಿ ಬಂದವಳು, ನನಗೇನೂ ಇಲ್ಲ’ ಎಂದು ಬರೆಯುವ ಮುಂಚೆ ವಿಭಾಗ ಪತ್ರ ಆಗಿದೆಯೇ, ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದೀರಾ ನೋಡಿಕೊಳ್ಳಿ.

ಮಾಡಬೇಕಾದದ್ದು ಇಷ್ಟು. ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಊರಿನವರಿಂದ ತರಿಸಿಕೊಳ್ಳಿ. ರಾಜ್ಯದ ‘ಭೂಮಿ’ ತಾಣದಲ್ಲಿ ಆ ಸರ್ವೆ ನಂಬರಿನ ಪಹಣಿ ತೆಗೆದು, ನಿಮ್ಮ ಹೆಸರಿದೆಯೇ, ಎಷ್ಟು ಜನರ ಜತೆ, ಒಟ್ಟು ಎಕರೆ-ಗುಂಟೆ ಎಷ್ಟು ಎಂದು ಬರೆದುಕೊಳ್ಳಿ. ಬೆಲೆಗೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿಟ್ಟು, ಮಾರುಕಟ್ಟೆ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಅದನ್ನೂ ಹೇಳಿ, ನಿಮ್ಮ ಪಾಲಿನ ಲೆಕ್ಕವನ್ನು ಡಾಲರಿನಲ್ಲಿ ಕೊಡಿ. ಯಾವ ದಿನದ ವಿನಿಮಯ ದರ ಎಂಬುದೂ ಇರಲಿ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇರುವವರು ಕೃಷಿಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಅದು ನಿಮಗೆ ಬಂದ ಬಗೆಯನ್ನು ಸ್ಪಷ್ಟವಾಗಿ ಬರೆಯುವುದು ಎರಡೂ ದೇಶಗಳ ದೃಷ್ಟಿಯಿಂದ ಕ್ಷೇಮ.

ಆಸ್ತಿ ಮಾರಿಬಿಡಬೇಕೇ? ಬಹುಪಾಲು ಸಂದರ್ಭದಲ್ಲಿ ಬೇಕಿಲ್ಲ. 8(ಎಫ್) ನೋಡುವುದು ಪ್ರಮಾಣವನ್ನು. ಅಮೆರಿಕದಲ್ಲಿ ಮನೆ, 401(ಕೆ) ಎಂಬ ನಿವೃತ್ತಿ ನಿಧಿ, ಉಳಿತಾಯ ಸೇರಿ 9 ಲಕ್ಷ ಡಾಲರ್ ಇದ್ದು, ಊರಿನ ಪಾಲು 40 ಸಾವಿರ ಡಾಲರ್ ಬಾಳುತ್ತದೆ ಎಂದರೆ ಒಟ್ಟು ಆಸ್ತಿಯ ಸುಮಾರು ಶೇ 4. ಅದನ್ನು ಹಿಡಿದು ನಿಮ್ಮನ್ನು ಬಗ್ಗಿಸುವುದು ಕಷ್ಟ ಎಂಬುದು ಲೆಕ್ಕದಲ್ಲೇ ಕಾಣುತ್ತದೆ. ಅದೇ ಬೆಂಗಳೂರಿನಲ್ಲಿ ಬಾಡಿಗೆ ಬರುವ ಮೂರು ಫ್ಲ್ಯಾಟುಗಳಿದ್ದು, ಅಮೆರಿಕದಲ್ಲಿ ಬಾಡಿಗೆ ಮನೆಯಲ್ಲಿದ್ದರೆ ತಕ್ಕಡಿ ಆ ಕಡೆ ವಾಲುತ್ತದೆ. ಅಂಥವರು ನಿಜವಾಗಿ ಯೋಚಿಸಬೇಕು. ಎಲ್ಲಕ್ಕಿಂತ ಕೆಟ್ಟ ದಾರಿ ಎಂದರೆ ಅರ್ಜಿಗೆ ಮುನ್ನ ತರಾತುರಿಯಲ್ಲಿ ತಮ್ಮನ ಹೆಸರಿಗೆ ಬರೆದುಕೊಟ್ಟು, ಬಾಡಿಗೆ ಮಾತ್ರ ತಾವೇ ತೆಗೆದುಕೊಳ್ಳುತ್ತಾ ಹೋಗುವುದು. ಬ್ಯಾಂಕ್ ವಿವರ ತೆಗೆಸಿದ ದಿನ ಅದು ಗೈಡ್‌ಲೈನ್ ಇ ಆಗಿ ಎದ್ದು ಕೂರುತ್ತದೆ.

ಬ್ಯಾಂಕು ಮತ್ತು ತೆರಿಗೆ

ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಪಿಪಿಎಫ್, ಹಳೇ ಕಂಪನಿಯ ಇಪಿಎಫ್, ಎಲ್‌ಐಸಿ ಪಾಲಿಸಿ, ಡಿಮ್ಯಾಟ್. ಇವನ್ನು ಎಸ್‌ಎಫ್-86ರಲ್ಲಿ ಬರೆದ ತಕ್ಷಣ ಮುಂದಿನ ಪ್ರಶ್ನೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಿದ್ದೀರಾ ಎಂಬುದು. ವರ್ಷದ ಯಾವುದೇ ದಿನ ಎಲ್ಲ ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಅದು ಕಡ್ಡಾಯ. ಗಡುವು ಏಪ್ರಿಲ್ 15, ತಾನಾಗಿ ಅಕ್ಟೋಬರ್ 15ರವರೆಗೆ ವಿಸ್ತರಣೆ ಇದೆ. ಪೌರತ್ವ ಬಂದ ಮೇಲೆ ಶುರುವಾಗುವ ನಿಯಮವಲ್ಲ ಇದು, ಗ್ರೀನ್ ಕಾರ್ಡಿನ ಕಾಲದಿಂದಲೂ ಅನ್ವಯ. ಅಮೆರಿಕದಲ್ಲೇ ಇರುವ ಒಂಟಿ ತೆರಿಗೆದಾರರ ಮೊತ್ತ ವರ್ಷದ ಕೊನೆಗೆ 50,000 ಡಾಲರ್ ದಾಟಿದರೆ ವಿದೇಶದ ಹಣಕಾಸು ಆಸ್ತಿ ತೋರಿಸುವ ಫಾರಂ 8938 ಕೂಡ. ಅಪ್ಪನ ಖಾತೆಗೆ ನೀವು ಜಂಟಿಯಾಗಿದ್ದರೆ ಅದರ ಪೂರ್ತಿ ಮೊತ್ತ ಎಫ್‌ಬಿಎಆರ್ ಲೆಕ್ಕಕ್ಕೆ ಬರುತ್ತದೆ, ಹಣ ಯಾರದ್ದೇ ಇರಲಿ. ಬಾಕಿ ಇದ್ದರೆ ಎಸ್‌ಎಫ್-86ಗೆ ಸಹಿ ಹಾಕುವ ಮೊದಲೇ ವಿದೇಶಿ ಖಾತೆಗಳ ಅನುಭವವಿರುವ ಸಿಪಿಎ, ಅಂದರೆ ಲೆಕ್ಕಪರಿಶೋಧಕರ ಬಳಿ ಹೋಗಿ ಸರಿಪಡಿಸಿ. ಕೇಳಿದ ಮೇಲೆ ಕಟ್ಟಿದ್ದಕ್ಕೂ ಕೇಳುವ ಮೊದಲು ಕಟ್ಟಿದ್ದಕ್ಕೂ ಬೆಲೆ ಬೇರೆ.

ಊರಿಗೆ ಕಳಿಸುವ ಹಣವೂ 20ಎ ಭಾಗದಲ್ಲೇ. ವಿದೇಶಿ ಪೌರರಿಗೆ ಯಾವಾಗಲಾದರೂ ಆರ್ಥಿಕ ನೆರವು ಕೊಟ್ಟಿದ್ದೀರಾ ಎಂದು ಕೇಳುತ್ತಾರೆ. ಅಮ್ಮನ ಔಷಧಿಗೆ ತಿಂಗಳಿಗೆ 300 ಡಾಲರ್, ತಂಗಿಯ ಮದುವೆಗೆ ಒಮ್ಮೆ 8,000, ಎರಡೂ ಬರೆಯಬೇಕು. ಹಣ ಕಳಿಸುವ ಆ್ಯಪಿನಿಂದ ವರ್ಷವಾರು ಪಟ್ಟಿ ಇಳಿಸಿಕೊಂಡರೆ ಊಹೆಯ ತಂಟೆ ಇಲ್ಲ.

ಪಾಸ್‌ಪೋರ್ಟ್, ಒಸಿಐ, ಮತ

ಭಾರತದ ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ ಪ್ರಕಾರ ಅಮೆರಿಕದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ. ಆದ್ದರಿಂದ ಈಗ ಇಬ್ಬಗೆ ಪೌರತ್ವ ಇದೆಯೇ ಎಂದರೆ ಇಲ್ಲ. ಒಸಿಐ ಹೆಸರಿನಲ್ಲಿ ‘ಸಿಟಿಜನ್’ ಇದ್ದರೂ ಅದು ಪೌರತ್ವವಲ್ಲ. ಮತದ ಹಕ್ಕಿಲ್ಲ, ಸರ್ಕಾರಿ ಹುದ್ದೆ ಇಲ್ಲ. ಆದರೂ ಒಸಿಐ ಕಾರ್ಡಿನ ವಿಷಯ ಕಮೆಂಟಿನಲ್ಲಿ ಹೇಳಿಬಿಡಿ: ಯಾವಾಗ ಪಡೆದಿರಿ, ವೀಸಾ ಓಡಾಟ ತಪ್ಪಿಸಲೆಂದು ಮಾತ್ರವೇ ಅಥವಾ ಆಸ್ತಿಯ ಕಾರಣಕ್ಕೂ ಹೌದೇ. 10ನೇ ಭಾಗದಲ್ಲಿ ಹಳೇ ಭಾರತೀಯ ಪಾಸ್‌ಪೋರ್ಟಿನ ನಂಬರು, ಅವಧಿ, ಅದರಲ್ಲಿ ಹೋದ ದೇಶಗಳ ವಿವರ ಬೇಕು. ರದ್ದಾಗಿ ವಾಪಸ್ ಬಂದ ಪಾಸ್‌ಪೋರ್ಟನ್ನೂ ಸರೆಂಡರ್ ಸರ್ಟಿಫಿಕೇಟನ್ನೂ ಬಿಸಾಡಬೇಡಿ.

ವಿದೇಶದ ಚುನಾವಣೆಯಲ್ಲಿ ಯಾವಾಗಲಾದರೂ ಮತ ಹಾಕಿದ್ದೀರಾ ಎಂಬ ಪ್ರಶ್ನೆಗೆ ಕಾಲೇಜು ದಿನಗಳಲ್ಲಿ ವಿಧಾನಸಭೆಗೆ ಮತ ಹಾಕಿದವರ ಉತ್ತರ ಹೌದು. ಆಗ ಭಾರತದ ಪೌರರಾಗಿದ್ದಿರಿ ಎಂದು ಸೇರಿಸಿದರೆ ಅದು ಅಲ್ಲಿಗೆ ಮುಗಿಯಿತು. ಪೌರತ್ವ ಬದಲಾದ ಮೇಲೂ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ತೆಗೆಸಿ. ಕನ್ನಡ ಕೂಟದ ಪದಾಧಿಕಾರಿಗಳಾಗಿ ಸಚಿವರನ್ನು ಆಹ್ವಾನಿಸಲು, ಅನುದಾನಕ್ಕೆ, ರಾಜ್ಯ ಸರ್ಕಾರದ ಜತೆ ಪತ್ರವ್ಯವಹಾರ ನಡೆಸಿದವರು ವಿದೇಶಿ ಸರ್ಕಾರದ ಜತೆಗಿನ ಸಂಪರ್ಕ ಕೇಳುವ 20ಬಿ ಭಾಗ ಓದುವಾಗ ಸ್ವಲ್ಪ ನಿಧಾನಿಸಬೇಕು. ವೀಸಾ, ವಲಸೆ ಕೌಂಟರಿನಂಥ ಮಾಮೂಲಿ ವ್ಯವಹಾರಕ್ಕೆ ವಿನಾಯಿತಿ ಇದೆ, ಇಂಥ ಪತ್ರವ್ಯವಹಾರ ಅದರೊಳಗೆ ಬರುವುದಿಲ್ಲ. ಹೆತ್ತವರಿಗೆ ಗ್ರೀನ್ ಕಾರ್ಡ್ ಪ್ರಾಯೋಜಿಸಿದ್ದನ್ನೂ 20ಬಿ ಯಲ್ಲಿ ತೋರಿಸಬೇಕು.

ತನಿಖಾಧಿಕಾರಿ ಎದುರು ಕೂತಾಗ

ಫಾರಂ ಹೋದ ಮೇಲೆ ತಾತ್ಕಾಲಿಕ ಕ್ಲಿಯರೆನ್ಸ್ ಸಿಗದಿದ್ದರೆ ಗಾಬರಿ ಬೇಡ. ವಿದೇಶಿ ನಂಟು ಹೆಚ್ಚಿರುವವರಿಗೆ ಅದನ್ನು ತಡೆಹಿಡಿಯುವುದು ಸಾಮಾನ್ಯ, ಅದು ಕೊನೆಯ ತೀರ್ಪಲ್ಲ. ನಂತರ ತನಿಖಾಧಿಕಾರಿ ಕರೆಯುತ್ತಾರೆ. ಎಸ್‌ಎಫ್-86ರ ಪ್ರತಿ, ಎಕ್ಸೆಲ್ ಹಾಳೆ, ಪಾಸ್‌ಪೋರ್ಟುಗಳು ಕೈಯಲ್ಲಿರಲಿ. ಫಾರಂನಲ್ಲಿ ಬಿಟ್ಟುಹೋದದ್ದು ನೆನಪಾದರೆ ಅವರು ಕೇಳುವ ಮೊದಲೇ ನೀವು ಹೇಳಿ. ಎದುರಿಗೆ ಸಾಕ್ಷ್ಯ ಇಟ್ಟು ಕೇಳುವ ಮುಂಚೆ ತಾನಾಗಿ ತಿದ್ದಿಕೊಂಡವರಿಗೆ ಗೈಡ್‌ಲೈನ್ ಇ ಯಲ್ಲಿ ಸ್ಪಷ್ಟ ವಿನಾಯಿತಿ ಇದೆ. ಬೇಕೆಂದೇ ಸುಳ್ಳು ಹೇಳಿದರೆ ಅದು ಫೆಡರಲ್ ಅಪರಾಧ, 5 ವರ್ಷದವರೆಗೆ ಶಿಕ್ಷೆ.

‘ನಿಮ್ಮ ತಮ್ಮನನ್ನು ಯಾರಾದರೂ ಹಿಡಿದು ನಿಮ್ಮಿಂದ ಮಾಹಿತಿ ಕೇಳಿದರೆ ಏನು ಮಾಡುತ್ತೀರಿ’ ಎಂಬಂಥ ಪ್ರಶ್ನೆ ಬರಬಹುದು. ‘ಅಂಥದ್ದು ನಮ್ಮ ಊರಲ್ಲಿ ನಡೆಯುವುದೇ ಇಲ್ಲ’ ಎನ್ನುವುದು ಉತ್ತರವಲ್ಲ. ತಕ್ಷಣ ಎಫ್‌ಎಸ್‌ಒಗೆ ಮತ್ತು ಎಫ್‌ಬಿಐಗೆ ತಿಳಿಸುತ್ತೇನೆ, ಮಾಹಿತಿ ಕೊಡುವುದಿಲ್ಲ. ಇಷ್ಟೇ, ನೇರವಾಗಿ.

ಆರೋಪಪಟ್ಟಿ ಬಂದರೆ

ಅನುಮಾನ ಉಳಿದರೆ ಎಸ್‌ಒಆರ್ ಎಂಬ ಕಾರಣಗಳ ಪಟ್ಟಿ ಬರುತ್ತದೆ. ‘1.ಎ: ನಿಮ್ಮ ತಂದೆ-ತಾಯಿ ಭಾರತದ ಪೌರರು, ಅಲ್ಲೇ ವಾಸ’ ಎಂಬ ಧಾಟಿಯ ಸಾಲುಗಳು. ಗುತ್ತಿಗೆ ಕಂಪನಿಯ ನೌಕರರು ಇದಕ್ಕೆ ಉತ್ತರಿಸಲು ಪಟ್ಟಿ ಕೈಗೆ ಸಿಕ್ಕ ದಿನದಿಂದ 20 ದಿನ. ಸೇನೆ ಮತ್ತು ಸರ್ಕಾರಿ ನೌಕರರ ದಾರಿ ಸ್ವಲ್ಪ ಬೇರೆ. ಪ್ರತಿ ಸಾಲಿಗೂ ಒಪ್ಪುತ್ತೇನೆ ಅಥವಾ ನಿರಾಕರಿಸುತ್ತೇನೆ ಎಂದು ಬೇರೆ ಬೇರೆಯಾಗಿ ಹೇಳಿ, ಕೆಳಗೆ ವಿವರಣೆ ಕೊಡಬೇಕು. ನಿಜವಾದದ್ದನ್ನು ನಿರಾಕರಿಸಬೇಡಿ, ತಂದೆ-ತಾಯಿ ಭಾರತದಲ್ಲಿದ್ದಾರೆ ಎಂಬುದು ಒಪ್ಪಿಕೊಳ್ಳಬೇಕಾದ ಸಂಗತಿ, ಅದರಿಂದ ಅಪಾಯವಿಲ್ಲ ಎಂಬುದು ವಾದ.

ಇಲ್ಲಿ ಒಂದು ಆಯ್ಕೆ ಇದೆ: ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೇ, ಕಾಗದದ ಮೇಲಿನ ತೀರ್ಮಾನ ಸಾಕೇ. ವಿದೇಶಿ ನಂಟಿನ ಕಡತಗಳಲ್ಲಿ ವಿಚಾರಣೆಯನ್ನೇ ಕೇಳಿ. ನಿಮ್ಮ ಬೇರು ಎಲ್ಲಿದೆ ಎಂಬುದು ಕಾಗದಕ್ಕಿಂತ ಎದುರು ಕೂತು ಮಾತಾಡಿದಾಗ ಚೆನ್ನಾಗಿ ಕಾಣುತ್ತದೆ. ಕಾಗದದ ದಾರಿ ಹಿಡಿದರೆ ಸರ್ಕಾರದ ಕಡತದ ಪ್ರತಿ ಬಂದ ಮೇಲೆ ಉತ್ತರಕ್ಕೆ 30 ದಿನ, ಆ ಗಡುವು ಸುಮ್ಮನೆ ಬಿಟ್ಟುಕೊಟ್ಟವರೇ ಹೆಚ್ಚು ಸೋಲುತ್ತಾರೆ. ವಕೀಲರನ್ನು ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳಬಹುದು. ಡಿಒಎಚ್‌ಎ ತೀರ್ಪುಗಳು ಅರ್ಜಿದಾರರ ಹೆಸರು ತೆಗೆದು ಅಂತರ್ಜಾಲದಲ್ಲಿ ಪ್ರಕಟವಾಗುತ್ತವೆ. ಭಾರತದ ನಂಟಿನ ಒಂದಷ್ಟು ತೀರ್ಪು ಓದಿದರೆ ನ್ಯಾಯಾಧೀಶರು ಏನನ್ನು ಹುಡುಕುತ್ತಾರೆ ಎಂಬ ಅಂದಾಜು ಸಿಗುತ್ತದೆ.

ದಾಖಲೆಗಳ ಕಂತೆಯಲ್ಲಿ ಇರಬೇಕಾದದ್ದು: ಅಮೆರಿಕದ ಮನೆಯ ಪತ್ರ, ನಿವೃತ್ತಿ ನಿಧಿ ಮತ್ತು ಉಳಿತಾಯದ ವಿವರ, ಊರಿನ ಆಸ್ತಿಯ ಜತೆ ಹೋಲಿಕೆಯ ಒಂದು ಪುಟ, ಮಕ್ಕಳ ಜನನ ಪ್ರಮಾಣಪತ್ರ, ಗಂಡ ಅಥವಾ ಹೆಂಡತಿಯ ಪೌರತ್ವ ಅರ್ಜಿಯ ಹಂತ, ತೆರಿಗೆ ಮತ್ತು ಎಫ್‌ಬಿಎಆರ್ ರಸೀದಿ, ಕೆಲಸದ ಮೌಲ್ಯಮಾಪನ, ಮೇಲಧಿಕಾರಿಗಳ ಪತ್ರ. ಪತ್ರ ಬರೆಯುವವರು ಎಸ್‌ಒಆರ್ ಓದಿರಬೇಕು, ಇಲ್ಲದಿದ್ದರೆ ‘ಒಳ್ಳೆಯ ಮನುಷ್ಯ’ ಎಂಬ ಹೊಗಳಿಕೆಗೆ ತೂಕವಿಲ್ಲ. ಕನ್ನಡದ ಪಹಣಿ, ವಿಭಾಗ ಪತ್ರಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಎಲ್ಲವನ್ನೂ ವಿಚಾರಣೆಯಲ್ಲೇ ಒಪ್ಪಿಸಬೇಕು. ಸೋತರೆ ಮೇಲ್ಮನವಿಯ ನೋಟಿಸ್ ಕೊಡಲು ತೀರ್ಪಿನ ದಿನದಿಂದ 15 ದಿನ ಇದೆ, ಆದರೆ ಅಲ್ಲಿ ಹೊಸ ದಾಖಲೆ ತೆಗೆದುಕೊಳ್ಳುವುದಿಲ್ಲ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟು 1988ರ ಈಗನ್ ಪ್ರಕರಣದಲ್ಲೇ ಹೇಳಿದೆ. ಉಳಿದ ಅನುಮಾನವನ್ನು ಸರ್ಕಾರದ ಪರವಾಗಿಯೇ ತೀರ್ಮಾನಿಸುತ್ತಾರೆ, ಸಂಶಯದ ಲಾಭ ನಿಮಗೆ ಸಿಗುವುದಿಲ್ಲ.

ಸಿಕ್ಕ ಮೇಲೆ

ಕ್ಲಿಯರೆನ್ಸ್ ಸಿಕ್ಕ ಮೇಲೆ ಸೀಡ್-3 ಎಂಬ ನಿಯಮ ಕೂಡಿಕೊಳ್ಳುತ್ತದೆ. ಊರಿಗೆ ಹೋಗುವ ಪ್ರತಿ ಖಾಸಗಿ ಪ್ರಯಾಣವನ್ನೂ ಮುಂಚಿತವಾಗಿ ತಿಳಿಸಬೇಕು, ವಿಮಾನ ಬದಲಿಸುವ ದೇಶಗಳ ಸಮೇತ. ವಿದೇಶಿ ಪೌರರ ಜತೆ ಹೊಸದಾಗಿ ಬೆಳೆದ ಹತ್ತಿರದ ಸಂಬಂಧವನ್ನೂ ವರದಿ ಮಾಡಬೇಕು. ಟಾಪ್ ಸೀಕ್ರೆಟ್ ಎಂಬ ಮೇಲಿನ ಮಟ್ಟದ ಕ್ಲಿಯರೆನ್ಸ್ ಇದ್ದರೆ ಹೊಸ ವಿದೇಶಿ ಬ್ಯಾಂಕ್ ಖಾತೆ, ಆಸ್ತಿ, ಮನೆಯಲ್ಲಿ 30 ದಿನಕ್ಕಿಂತ ಹೆಚ್ಚು ಜತೆಯಾಗಿ ಇರುವ ವಿದೇಶಿ ಪೌರರು, ಇವೂ ಸೇರುತ್ತವೆ. ಆರು ತಿಂಗಳ ಮಟ್ಟಿಗೆ ಬಂದು ಉಳಿಯುವ ಅತ್ತೆ-ಮಾವನ ವಿಷಯವನ್ನು ಟಿಕೆಟ್ ಮಾಡಿಸುವ ಮುಂಚೆಯೇ ಎಫ್‌ಎಸ್‌ಒ ಹತ್ತಿರ ಮಾತಾಡಿ.

ಅಪ್ಪನಿಗೆ ಹುಷಾರಿಲ್ಲ ಎಂದು ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ ಅನುಮತಿಗೆ ಕಾದು ಕೂರಬೇಕಿಲ್ಲ. ವಿಮಾನ ಹತ್ತುವ ಮೊದಲು ಮೇಲಧಿಕಾರಿಗೆ ಬಾಯಿಮಾತಿನಲ್ಲಾದರೂ ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು ಹೇಳಿ, ಸಾಧ್ಯವಾದರೆ ಎಫ್‌ಎಸ್‌ಒಗೂ ಒಂದು ಇಮೇಲ್ ಹಾಕಿ. ವಾಪಸ್ ಬಂದ 5 ಕೆಲಸದ ದಿನಗಳೊಳಗೆ ಪೂರ್ತಿ ವರದಿ ಕೊಡಬೇಕು. ಮೊದಲೇ ಒಪ್ಪಿಗೆ ಪಡೆದ ಪ್ರವಾಸದಲ್ಲಿ ದಾರಿ ಬದಲಾದರೂ ಇದೇ 5 ದಿನದ ಗಡುವು.